ಭಾವ, ಬಸ್ಸು ಮತ್ತು ಏಳು ಸಲದ ಸ್ತೋತ್ರ

ನನ್ನ ಭಾವ, ಅಂದರೆ ಅಕ್ಕನ ಗಂಡ, ಹಿಂದಿನ ವರ್ಷದ ಓಟವನ್ನು ಬಸ್ಸಿನಲ್ಲಿ ಕೂತು ಮುಗಿಸಿದ್ದರು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಆದದ್ದೆಲ್ಲ ಆ ಬಸ್ಸಿನ ದೆಸೆಯಿಂದಲೇ.

ನಾಸಿಕದ ಆ ಅರ್ಧ ಮ್ಯಾರಥಾನಿನಲ್ಲಿ ಇಪ್ಪತ್ತೊಂದು ಕಿಲೋಮೀಟರನ್ನು ಮೂರು ತಾಸಿನೊಳಗೆ ಮುಗಿಸಬೇಕಿತ್ತು. ಮೂರು ತಾಸಿನ ಲೆಕ್ಕದ ವೇಗದಲ್ಲಿಯೇ ಎಲ್ಲರ ಹಿಂದೆ ಒಂದು ಬಸ್ಸು ಬರುತ್ತದೆ. ಅದು ನಿಮ್ಮನ್ನು ದಾಟಿತೆಂದರೆ ನೀವು ಓಟಗಾರರಲ್ಲ, ಪ್ರಯಾಣಿಕರು. ಭಾವ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರು. ಕಾರ್ಖಾನೆಯ ಕಾಲನಿಯ ಅರ್ಧ ಜನ ಕೊನೆಯ ಗೆರೆಯ ಬಳಿ ಹಾರ ಹಿಡಿದು ನಿಂತಿದ್ದಾಗ ಅವರು ಬಸ್ಸಿನ ಮೆಟ್ಟಿಲಿಳಿದು ಬಂದರು. ಸಂಘಟಕರು ಉದಾರಿಗಳು, ಬಸ್ಸಿನಲ್ಲಿ ಬಂದವರಿಗೂ ಪದಕ ಹಾಕಿದರು. ಅದು ಇನ್ನೂ ಕೆಟ್ಟದಾಯಿತು. ಆಮೇಲೆ ವರ್ಷವಿಡೀ ಕ್ಯಾಂಟೀನಿನಲ್ಲಿ ಭಾವ ತಾಟು ಹಿಡಿದು ನಿಂತರೆ ಹಿಂದಿನಿಂದ ಯಾರಾದರೂ ಮರಾಠಿಯಲ್ಲಿ ಕೇಳುತ್ತಿದ್ದರು: "ಸಾಹೇಬ, ತಿಕೀಟ ಕಾಢಲಂ ಹೋತಂ ಕಾ?" ಟಿಕೀಟು ತೆಗೆಸಿದ್ದಿರಾ, ಎಂದು.

ಭಾವ ನಿಧಾನದ ಮನುಷ್ಯರೇನೂ ಅಲ್ಲ. ಅವರನ್ನು ಕೆಡಿಸಿದ್ದು ಗಡಿಯಾರ. ವೇಗ ಸರಿಯಾಗಿದೆಯೋ ಇಲ್ಲವೋ ಎಂದು ಕಿಲೋಮೀಟರಿಗೆ ಎರಡು ಸಲ ನೋಡಿಕೊಳ್ಳುತ್ತಿದ್ದರು. ನೋಡಲು ಚಾಳೀಸು ಬೇಕು. ಚಾಳೀಸು ಚಡ್ಡಿಯ ಜೇಬಿನಲ್ಲಿ, ಡಬ್ಬಿಯೊಳಗೆ. ನಿಂತು, ಡಬ್ಬಿ ತೆರೆದು, ಒರೆಸಿ, ಹಾಕಿಕೊಂಡು, ನೋಡಿ, ಮನಸ್ಸಿನಲ್ಲಿ ಭಾಗಾಕಾರ ಮಾಡಿ, ತಡವಾಗಿದೆ ಎಂದು ತಿಳಿದು, ಮತ್ತೆ ಡಬ್ಬಿಯೊಳಗಿಟ್ಟು ಓಡುವಷ್ಟರಲ್ಲಿ ಇನ್ನಷ್ಟು ತಡವಾಗಿರುತ್ತಿತ್ತು.

"ಈ ಸಲ ಗಡಿಯಾರ ಕಟ್ಟೂದಿಲ್ಲ" ಎಂದರು ಭಾವ. "ನಮ್ಮ ಮಂದಿ ನೋಡೂ ಊರಾಗ ಓಡೂದೂ ಇಲ್ಲ. ನಿಮ್ಮೂರಿಗೆ ಬರ್ತೀನಿ. ನೀ ನನ್ನ ಜೋಡಿ ಓಡು."

ನಮ್ಮೂರು ಎಂದರೆ ಛತ್ರಪತಿ ಸಂಭಾಜಿನಗರ. ಆಗ ಅದಕ್ಕೆ ಹಳೆಯ ಹೆಸರೇ ಇತ್ತು. ಅಲ್ಲಿಯ ಓಟಕ್ಕೂ ಅದೇ ಮೂರು ತಾಸು, ಹಿಂದೆ ಅಂಥದ್ದೇ ಒಂದು ಬಸ್ಸು. ಧಾರವಾಡದಲ್ಲಿ ಎರಡು ವಿಷಯ ಓದಿ, ಮೂರು ಊರುಗಳಲ್ಲಿ ನಾಲ್ಕು ಕೆಲಸ ಬಿಟ್ಟು, ಅಲ್ಲಿಯ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದೆ. ನೆನಪು ಎಂಬುದು ಎಷ್ಟು ಸುಳ್ಳು ಹೇಳುತ್ತದೆ ಎಂಬುದೇ ನನ್ನ ಮೆಚ್ಚಿನ ಪಾಠ. ಹಾಗಾಗಿ ಈ ಬರಹದಲ್ಲಿ ನಾನು ಖಚಿತವಾಗಿ ಹೇಳಿದ್ದನ್ನೂ ಅಷ್ಟಕ್ಕಷ್ಟೇ ನಂಬುವುದು ಒಳ್ಳೆಯದು.

ಗಡಿಯಾರವಿಲ್ಲದೆ ವೇಗ ತಿಳಿಯುವುದು ಹೇಗೆ? ಉತ್ತರ ಅಕ್ಕನ ಅಡುಗೆಮನೆಯಲ್ಲಿತ್ತು. ಅಕ್ಕ ದಿನಾ ಬೆಳಿಗ್ಗೆ ಒಂದು ಉದ್ದನೆಯ ಸ್ತೋತ್ರ ಹೇಳುತ್ತಾಳೆ. ಯಾವುದೆಂದು ಬರೆಯುವುದಿಲ್ಲ. ಬರೆದರೆ, ಅದನ್ನು ಅಷ್ಟು ಅವಸರದಲ್ಲಿ ಹೇಳಬಾರದು ಎಂದು ಪತ್ರ ಹಾಕುವ ಹಿರಿಯರು ಇನ್ನೂ ಇದ್ದಾರೆ. ಕುಕ್ಕರು ಇಟ್ಟು ಶುರು ಮಾಡಿದರೆ ಸ್ತೋತ್ರ ಮುಗಿಯುವಾಗ ಬೇಳೆ ಬೆಂದಿರುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡರೆ ಒಂದು ಸ್ತೋತ್ರ ನೆನೆಯಬೇಕು. ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳಲು ಬಂದರೂ "ಅರ್ಧ ಸ್ತೋತ್ರ ಬಿಟ್ಟು ಬರ್ರಿ" ಎನ್ನುತ್ತಿದ್ದಳು. ನಾನು ಅದನ್ನು ಒಂದಕ್ಷರವೂ ನಂಬುವವನಲ್ಲ, ಆದರೆ ಪೂರ್ತಿ ಬಾಯಿಗೆ ಬರುತ್ತದೆ. ಚಿಕ್ಕಂದಿನಲ್ಲಿ ಹೇಳದೆ ಅವಲಕ್ಕಿ ಸಿಗುತ್ತಿರಲಿಲ್ಲ. ಭಾವನಿಗೂ ಬರುತ್ತದೆ, ಅವರ ಮನೆಯಲ್ಲೂ ಅದೇ ಕಾಯಿದೆ.

ರಜೆಗೆಂದು ಓಝರಿಗೆ ಹೋದಾಗ ಕೆಲವು ದಿನ ಅಡುಗೆಮನೆಯ ಬಾಗಿಲಲ್ಲಿ ಕೂತು ಅಕ್ಕನನ್ನು ಅಳೆದೆ. ಇಪ್ಪತ್ತೈದು ನಿಮಿಷ, ಒಂದು ನಿಮಿಷ ಅತ್ತಿತ್ತ. ಭಾವ ಹಿಗ್ಗಿಹೋದರು. ಇಪ್ಪತ್ತೈದು ನಿಮಿಷಕ್ಕೆ ಮೂರು ಕಿಲೋಮೀಟರು. ಏಳು ಸಲ ಹೇಳಿದರೆ ಓಟವೇ ಮುಗಿಯಿತು, ಬಸ್ಸು ಇನ್ನೂ ಹಿಂದೆ! ಮೂರು ಕಿಲೋಮೀಟರಿನ ಫಲಕ ಬರುವ ಮೊದಲೇ ಸ್ತೋತ್ರ ಮುಗಿದರೆ ನಾವು ನಿಧಾನ. ಸ್ತೋತ್ರ ಮುಗಿಯುವ ಮೊದಲೇ ಫಲಕ ಬಂದರೆ ನಾವು ಜೋರು. ಚಾಳೀಸು ಬೇಡ, ಭಾಗಾಕಾರ ಬೇಡ.

"ಒಂದು ತೊಂದ್ರಿ ಅದ" ಎಂದೆ. "ನಡುವ ತರಕಾರಿಯವ ಬರ್ತಾನ. ಅಕ್ಕ ಸ್ತೋತ್ರ ನಿಲ್ಲಿಸಿ ಕೊತ್ತಂಬರಿ ಚೌಕಾಸಿ ಮಾಡ್ತಾಳ. ಆ ವ್ಯಾಳ್ಯಾ ಲೆಕ್ಕದಾಗ ಹಿಡೀಬೇಕೋ ಬಿಡಬೇಕೋ?"

"ಏ, ಅವ ದಿನಾ ಬರ್ತಾನಲ್ಲೋ!" ಅಕ್ಕ ಒಳಗಿನಿಂದ ಕೂಗಿದಳು. "ಅದನ್ನ ಬಿಟ್ರ ಬ್ಯಾಳಿ ಹ್ಯಾಂಗ ಬೇಯ್ತಾವ?"

ಭಾವ ಯೋಚಿಸಿ ತೀರ್ಪು ಕೊಟ್ಟರು. ಅಳತೆ ಯಾವ ಸ್ಥಿತಿಯಲ್ಲಿ ಮಾಡಿದ್ದೇವೋ ಬಳಕೆಯೂ ಅದೇ ಸ್ಥಿತಿಯಲ್ಲಿ ಆಗಬೇಕು, ವಿಮಾನವಾದರೂ ಅಷ್ಟೇ. ಹೀಗಾಗಿ ನಮ್ಮ ಸ್ತೋತ್ರದ ನಡುವೆ, ತರಕಾರಿಯವ ದಿನಾ ಬರುತ್ತಿದ್ದ ಶ್ಲೋಕವಾದ ಮೇಲೆ, ಕೊತ್ತಂಬರಿಯ ಚೌಕಾಸಿಯೂ ಸೇರಿತು. ದಿಂಡೋರಿ ರಸ್ತೆಯ ದ್ರಾಕ್ಷಿ ತೋಟಗಳ ನಡುವೆ ತಾಲೀಮು ನಡೆಯಿತು. ನಾನು ಸ್ಕೂಟರು ಹೊಡೆಯುತ್ತಿದ್ದೆ, ಅಕ್ಕ ಹಿಂದೆ ಕೂತು ಗಟ್ಟಿಯಾಗಿ ಹೇಳುತ್ತಿದ್ದಳು, ಭಾವ ಪಕ್ಕದಲ್ಲಿ ಓಡುತ್ತಿದ್ದರು. ತಾನು ಸ್ಕೂಟರು ಹತ್ತಲೇ ಇಲ್ಲ, ಸೇತುವೆ ಕಟ್ಟೆಯ ಮೇಲೆ ಕೂತಿದ್ದೆ ಎನ್ನುತ್ತಾಳೆ ಅಕ್ಕ. ನನ್ನ ಕಿವಿಯಲ್ಲಿ ಅವಳ ದನಿ ಬೆನ್ನ ಹಿಂದಿನಿಂದಲೇ ಬರುತ್ತದೆ. ಇರಲಿ.

ಯಾರಿಗೂ ಹೇಳಬಾರದೆಂದು ಭಾವ ಆಣೆ ಹಾಕಿಸಿದ್ದರು. ಅಕ್ಕ ಯಾರಿಗೂ ಹೇಳಲಿಲ್ಲ, ಭಜನಿ ಮಂಡಳಿಗೆ ಮಾತ್ರ ಹೇಳಿದಳು. ಕಾಲನಿಯ ಕನ್ನಡದ ಹೆಂಗಸರೆಲ್ಲ ಇದ್ದದ್ದೇ ಆ ಮಂಡಳಿಯಲ್ಲಿ. ಓಟದ ಹಿಂದಿನ ದಿನ ಅವರೆಲ್ಲ ಟೆಂಪೊ ಮಾಡಿಕೊಂಡು ನಮ್ಮೂರ ಹತ್ತಿರದ ವೇರುಳದ ದೇವರಿಗೆ ಬಂದು ಅಲ್ಲೇ ಉಳಿದರು. ಬೆಳಿಗ್ಗೆ ಸೀದಾ ಕೊನೆಯ ಗೆರೆಗೆ ಬರುತ್ತೇವೆಂದು ಅಕ್ಕ ನನ್ನ ಕೋಣೆಗೆ ಫೋನು ಮಾಡಿ ಹೇಳಿದಾಗ ಭಾವ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಕೈ ನಿಂತಿತು.

"ಎಷ್ಟು ಮಂದಿ?"

"ಟೆಂಪೊ ತುಂಬ ಅಂತ."

"ಹಾರ ತಂದಾರೇನು?"

"ತಂದಾರಂತ."

ಭಾವ ಗೋಡೆಯ ಕಡೆ ನೋಡಿ ಹೇಳಿದರು: "ಈ ಸಲ ಬಸ್ಸಿನ್ಯಾಗಿಂದ ಇಳದ್ರ ನಾ ವಾಪಸ್ ಓಝರಿಗೆ ಬರೂದಿಲ್ಲ. ಘೋಟಿ ಹೆದ್ದಾರಿಯಾಗ ಒಂದು ಚಹಾದ ಅಂಗಡಿ ಇಡ್ತೀನಿ."

ಆರಕ್ಕೆ ಶುರುವಾಗಬೇಕಿದ್ದ ಓಟ ಯಾರದೋ ಭಾಷಣ ಮುಗಿದ ಮೇಲೆ ಶುರುವಾಯಿತು. ನನ್ನ ಗಡಿಯಾರವನ್ನೂ ನಾನು ಕೋಣೆಯಲ್ಲಿ ಬಿಟ್ಟಿದ್ದೆ, ಕಟ್ಟಿಕೊಂಡರೆ ಪ್ರಯೋಗ ಕೆಡುತ್ತದೆಂದು. ಪಿಸ್ತೂಲು ಹಾರಿತು, ನಾವು ಮೊದಲ ಶ್ಲೋಕ ಎತ್ತಿಕೊಂಡೆವು.

ಮೊದಲ ಸುತ್ತು ಅದ್ಭುತವಾಗಿತ್ತು. ಕೊನೆಯ ಸಾಲು ಹೇಳುತ್ತಿದ್ದಂತೆ ಮೂರು ಕಿಲೋಮೀಟರಿನ ಫಲಕ ಎದುರಿಗೆ ಬಂದು ನಿಂತಿತು. ಭಾವ ನನ್ನ ಬೆನ್ನಿಗೆ ಗುದ್ದಿದರು. ಎರಡನೆಯದೂ ಹಾಗೇ. ಚೌಕದಲ್ಲಿದ್ದ ಪೊಲೀಸಪ್ಪ ನಮ್ಮ ಪಠಣ ಕೇಳಿ ಟೋಪಿ ಸರಿಮಾಡಿಕೊಂಡು ಕೈ ಮುಗಿದ. ಚೌಕಾಸಿಯ ಜಾಗ ಬಂದಾಗ ಭಾವ ಓಡುತ್ತಲೇ ಕೈ ಬೀಸಿ ಕೊತ್ತಂಬರಿಯ ಬೆಲೆ ಕೇಳಿದರು: "ಕೋಥಿಂಬೀರ ಕಶೀ ದಿಲೀ?"

"ದಹಾ ರುಪಯೇ" ಎಂದೆ ನಾನು, ತರಕಾರಿಯವನಾಗಿ.

"ಇಷ್ಟ ಇಷ್ಟಕ್ಕ ಹತ್ತು ರೂಪಾಯಿ? ನಾಚಿಗೆ ಬರೂದಿಲ್ಲ ನಿಮಗ?" ಭಾವ ಅಕ್ಕನ ದನಿಯಲ್ಲೇ ಬೈದರು. ಪಕ್ಕದಲ್ಲಿ ಓಡುತ್ತಿದ್ದ ಇಬ್ಬರು ಹುಡುಗಿಯರು ವೇಗ ಹೆಚ್ಚಿಸಿದರು.

ಮೂರನೆಯ ಸುತ್ತಿಗೆ ಒಬ್ಬ ಶಿಷ್ಯ ಸಿಕ್ಕ. ಹಳದಿ ಅಂಗಿಯ ದಪ್ಪ ಗೃಹಸ್ಥ, ಅಪ್ಪಟ ಮರಾಠಿ. ಪಂಢರಪುರಕ್ಕೆ ಹಾಡುತ್ತ ನಡೆದುಹೋಗುವ ದಿಂಡಿಗಳನ್ನು ನೋಡಿ ಬೆಳೆದವನಿಗೆ, ಇಬ್ಬರು ಏನೋ ಹೇಳುತ್ತ ಓಡಿದರೆ ಅವರ ಹಿಂದೆ ಹೋಗಬೇಕೆನಿಸುವುದು ಸಹಜ. "ಕಾಕಾ, ದಿಂಡೀ ಕುಠಲೀ?" ಎಂದ, ಯಾವ ಊರಿನ ದಿಂಡಿ ಎಂದು. "ಓಝರ್" ಎಂದರು ಭಾವ. ಅಷ್ಟು ಸಾಕಾಯಿತು. ಅವನು ನಮ್ಮ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹಿಂದೆ ಬಂದ.

ಒಂಬತ್ತರ ಫಲಕಕ್ಕೆ ನಾಲ್ಕನೆಯ ಸ್ತೋತ್ರ ಶುರು. ಇಲ್ಲಿ ಒಂದು ವಿಷಯ ಹೇಳಬೇಕು. ಆ ಸ್ತೋತ್ರದ ಮೊದಲ ಭಾಗದಲ್ಲಿ ಬರುವ ಒಂದು ಸಾಲು ಕೊನೆಗೆ ಹತ್ತಿರವಾದಾಗ ಅಕ್ಷರವೂ ಬದಲಾಗದೆ ಇನ್ನೊಮ್ಮೆ ಬರುತ್ತದೆ. ಎರಡನೆಯ ಸಲ ಬಂದಾಗ ಅಲ್ಲಿಂದ ಬೇರೆ ಸಾಲಿಗೆ ಹೊರಳಬೇಕು. ಮರೆತು ಮೊದಲಿನ ಸಾಲನ್ನೇ ಹಿಡಿದರೆ ಮತ್ತೆ ಹಿಂದಕ್ಕೆ ಹೋಗಿ ಬಿದ್ದಿರುತ್ತೀರಿ. ಅಲ್ಲಿಂದ ಎಲ್ಲವನ್ನೂ ಇನ್ನೊಮ್ಮೆ ಹೇಳಿ, ಅದೇ ತಿರುವಿಗೆ ಬಂದು, ಮತ್ತೆ ತಪ್ಪಬಹುದು. ಇದಕ್ಕೆ ಕೊನೆಯೇ ಇಲ್ಲ. ಅಕ್ಕ ಎಂದೂ ತಪ್ಪುವುದಿಲ್ಲ, ಏಕೆಂದರೆ ಆ ತಿರುವಿಗೆ ಸರಿಯಾಗಿ ಕುಕ್ಕರಿನ ಸೀಟಿ ಹೊಡೆಯುತ್ತದೆ. ನಮ್ಮ ದಾರಿಯಲ್ಲಿ ಕುಕ್ಕರಿರಲಿಲ್ಲ.

ಯಾರು ಮೊದಲು ತಪ್ಪಿದರು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ನನಗೆ ಭಾವನ ದನಿ ಮುಂದಿದ್ದದ್ದು ನೆನಪಿದೆ. ಭಾವನಿಗೆ ನನ್ನದು. ಏನೇ ಆಗಲಿ, ಹನ್ನೆರಡರ ಫಲಕ ಬಂದೇ ಬಿಟ್ಟಿತು, ಸ್ತೋತ್ರ ಇನ್ನೂ ಅರ್ಧವೂ ಆಗಿರಲಿಲ್ಲ.

"ನೋಡೋ!" ಭಾವ ಫಲಕಕ್ಕೆ ಬೆರಳು ತೋರಿಸಿದರು. "ಎಷ್ಟು ಮುಂದ ಇದ್ದೀವಿ! ನಾವು ಓಡ್ಲಿಕತ್ತಿಲ್ಲ, ಹಾರಲಿಕತ್ತೀವಿ!"

ನಾನು ಸಂಶಯ ಪಡಬೇಕಿತ್ತು. ಹನ್ನೆರಡು ನಿಮಿಷದಲ್ಲಿ ಮೂರು ಕಿಲೋಮೀಟರು ಓಡುವ ಲಕ್ಷಣ ನಮ್ಮಿಬ್ಬರಲ್ಲಿ ಒಬ್ಬರಿಗೂ ಇರಲಿಲ್ಲ. ಆದರೆ ಮನಸ್ಸಿಗೆ ಹಿತವಾದ ಪುರಾವೆಯನ್ನು ಯಾರು ಕೆದಕುತ್ತಾರೆ? ನಾವು ವೇಗ ಇಳಿಸಿದೆವು. ಕಿತ್ತಳೆ ಕೊಡುವಲ್ಲಿ ನಿಂತು ಬೀಜ ಉಗಿದು ತಿಂದೆವು. ಭಾವ ರಸ್ತೆ ಬದಿಯ ಮಂದಿಗೆ ಕೈ ಬೀಸಿದರು. ಆಮೇಲೆ ನಡೆದೆವು. ಸ್ತೋತ್ರ ಮುಗಿಯಲೊಲ್ಲದು. ಮುಗಿಯದಷ್ಟೂ ನಮಗೆ ಸಂತೋಷ. ಕೊನೆಗೆ ಒಂದು ಚಹಾದ ಟಪರಿ ಕಂಡಿತು, ಭಾವ "ಅರ್ಧರ್ಧ ಚಹಾ ಹೊಡಿಯೂಣು" ಎಂದರು.

ಚಹಾ ಬರುವವರೆಗೂ ಲೆಕ್ಕ ತಪ್ಪಬಾರದೆಂದು ನಿಂತಲ್ಲೇ ಸ್ತೋತ್ರ ಮುಂದುವರಿಸಿದೆವು. ಚೌಕಾಸಿಯ ಜಾಗ ಬಂತು. "ಕೋಥಿಂಬೀರ ಕಶೀ ದಿಲೀ?" ಎಂದರು ಭಾವ. ಟಪರಿಯವನು ಗಾಬರಿಯಾಗಿ ಶುಂಠಿ ಮಾತ್ರ ಇದೆ ಎಂದ.

ಹಳದಿ ಅಂಗಿಯವನು ಬಹಳ ಸಂಕೋಚದಿಂದ ಗಂಟಲು ಸರಿಮಾಡಿಕೊಂಡ. "ಕಾಕಾ, ಏಕ ವಿಚಾರೂ? ಮಾಗಚ್ಯಾ ವೇಳೀ ಏಕದಾಚ ಘೇತಲೀ. ಆತಾ ತಿಸರ್ಯಾಂದಾ ಕಾ?" ಹಿಂದಿನ ಸುತ್ತಿನಲ್ಲಿ ಒಂದೇ ಸಲ ಕೊತ್ತಂಬರಿ ಕೊಂಡಿರಿ, ಈ ಸುತ್ತಿನಲ್ಲಿ ಮೂರನೆಯ ಸಲ ಯಾಕೆ?

ಭಾವ ನನ್ನನ್ನು ನೋಡಿದರು. ನಾನು ಭಾವನನ್ನು ನೋಡಿದೆ.

"ಸುತ್ತು ಹಾಕೀವಿ" ಎಂದೆ.

"ಎರಡು ಸಲ" ಎಂದರು ಭಾವ. ಅವರ ಮುಖದ ಮೇಲೆ ಘೋಟಿಯ ಚಹಾದ ಅಂಗಡಿ ಸ್ಪಷ್ಟವಾಗಿ ಕಾಣುತ್ತಿತ್ತು.

ಹಳದಿ ಅಂಗಿಯವನು ತನ್ನ ಕೈಗಡಿಯಾರ ನೋಡಿಕೊಂಡ. ಹೌದು, ಅವನ ಕೈಯಲ್ಲಿ ಗಡಿಯಾರವಿತ್ತು! ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದರೆ, ನೀವು ವ್ರತದಲ್ಲಿದ್ದೀರಿ ಅಂದುಕೊಂಡೆ ಎಂದ. ಹೇಳಿದವನೇ "ವೇಳ ಝಾಲಾ, ಕಾಕಾ" ಎಂದು, ಹೊತ್ತು ಮೀರಿತೆಂದು ಚಹಾ ಅಲ್ಲೇ ಬಿಟ್ಟು ಓಟ ಕಿತ್ತ. ಅದೇ ಹೊತ್ತಿಗೆ ಟಪರಿಯ ಎದುರು ಬ್ರೇಕು ಕಿರುಗುಟ್ಟಿತು. ಬಸ್ಸು.

ಡ್ರೈವರನೂ ಚಹಾಕ್ಕೇ ನಿಲ್ಲಿಸಿದ್ದ. ಕಿಟಕಿಯಿಂದ ಕೈ ಚಾಚಿ ಗ್ಲಾಸು ತೆಗೆದುಕೊಳ್ಳುತ್ತ ನಮ್ಮ ಎದೆಯ ಮೇಲಿನ ನಂಬರು ನೋಡಿ ನಕ್ಕ. "ಯಾ ಕಾಕಾ, ಬಸಾ. ಖಿಡಕೀಜವಳ ಜಾಗಾ ಆಹೆ." ಬನ್ನಿ, ಕಿಟಕಿ ಪಕ್ಕ ಜಾಗ ಇದೆ.

ಭಾವ ಗ್ಲಾಸು ಇಟ್ಟ ಸದ್ದು ಕೇಳಿತು, ಆಮೇಲೆ ಅವರ ಬೆನ್ನು ಕಂಡಿತು. ಚಹಾದ ದುಡ್ಡು ಕೊಟ್ಟೆನೋ ಇಲ್ಲವೋ ನೆನಪಿಲ್ಲ. ನಾನೂ ಓಡಿದೆ.

ಬಸ್ಸು ಹಿಂದೆಯೇ ಬಂತು. ದಾಟಲಿಲ್ಲ, ಹಿಂದೆ ಬೀಳಲೂ ಇಲ್ಲ. ಇಂಜಿನ್ನಿನ ಗುರುಗುರು ನಮ್ಮ ಬೆನ್ನಿಗಂಟಿಕೊಂಡೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಭಾವ ಏದುಸಿರಿನಲ್ಲಿ ತಿರುಗಿ ಡ್ರೈವರನನ್ನು ಕೇಳಿದರು: "ತುಮ್ಹೀ ಟೈಮಾತ ಆಹಾತ ಕಾ?" ನೀವು ಸಮಯಕ್ಕೆ ಸರಿಯಾಗಿದ್ದೀರಾ?

ಡ್ರೈವರನಿಗೆ ಅವಮಾನವಾಯಿತು. "ಚಹಾ ಧರೂನ!" ಎಂದ. ಚಹಾ ಹಿಡಿದೇ ಲೆಕ್ಕ ಅಂತೆ. ಕೊಟ್ಟ ಹೊತ್ತಿಗಿಂತ ಒಂದು ನಿಮಿಷ ಮೊದಲೂ ಇಲ್ಲ, ಆಮೇಲೂ ಇಲ್ಲ.

ಭಾವನ ಮುಖ ಅರಳಿದ್ದು ಆಗ. "ತಮ್ಮಾ, ಇದನ್ನ ನೋಡು. ಇದಕ್ಕಿಂತ ಪಕ್ಕಾ ಗಡಿಯಾರ ಎಲ್ಲಿ ಸಿಗಬೇಕು? ಇದು ಬೆನ್ನಿಗೆ ತಾಗದಂಗ ಓಡಿದ್ರ ಸಾಕಲ್ಲ!" ವರ್ಷವಿಡೀ ಕನಸಿನಲ್ಲಿ ಬೆವರಿಳಿಸಿದ್ದ ಬಸ್ಸಿನ ಮುಂದೆ ಅವರು ಈಗ ಹಗ್ಗ ಕಟ್ಟಿದ ಹಾಗೆ ಓಡುತ್ತಿದ್ದರು. ಇಂಜಿನ್ನಿನ ಸದ್ದು ಹತ್ತಿರವಾದರೆ ಜೋರು, ದೂರವಾದರೆ ಸ್ವಲ್ಪ ಸಾವಕಾಶ. ಒಮ್ಮೆ ಗೇರು ಬದಲಾದ ಸದ್ದಿಗೆ "ಏರು ಬಂತು" ಎಂದು ನನಗೇ ಎಚ್ಚರಿಕೆ ಕೊಟ್ಟರು. ಡ್ರೈವರನೂ ಖುಷಿಯಲ್ಲಿದ್ದ. ಖಾಲಿಯಿದ್ದ ಸೀಟುಗಳನ್ನು ಹೊಗಳಿ ಆಗಾಗ ಕರೆಯುತ್ತಿದ್ದ. ಭಾವ ಹಿಂದೆ ನೋಡದೆ ಕೈ ಅಲ್ಲಾಡಿಸುತ್ತಿದ್ದರು.

ಕೊನೆಯ ಕಿಲೋಮೀಟರಿನಲ್ಲಿ ನನ್ನ ಮೀನಖಂಡ ಹಿಡಿದುಕೊಂಡು ಕಲ್ಲಾಯಿತು. ನಾನು ರಸ್ತೆಯ ಮೇಲೆ ಕೂತೆ. ಭಾವ ನಿಲ್ಲಲು ಹೋದರು.

"ಓಡ್ರಿ ಭಾವ! ಮಂಡಳಿ ಕಾಯಲಿಕತ್ತದ!"

ಅವರು ಓಡಿದರು. ಡ್ರೈವರು ಬಾಗಿಲು ತೆಗೆದ. ಕಿಟಕಿ ಪಕ್ಕದ ಜಾಗ ನಿಜಕ್ಕೂ ಚೆನ್ನಾಗಿತ್ತು.

ಗಾಜಿನಿಂದ ಭಾವನ ಕೆಂಪು ಅಂಗಿ ಕಾಣುತ್ತಿತ್ತು. ಮುಂದೆ ಬಿದಿರಿನ ಕಮಾನು, ಅದರಾಚೆ ಗೆರೆ. ಕಮಾನು ಗಿಡ್ಡ, ಬಸ್ಸು ಅದರ ಕೆಳಗೆ ಹೋಗಲಾರದು. ಭಾವ ಕಮಾನಿನ ಹತ್ತಿರ ಹೋಗುತ್ತಿದ್ದ ಹಾಗೆ ಡ್ರೈವರು ಗಾಡಿಯನ್ನು ಎಡಕ್ಕೆ ಎಳೆದ. ನನ್ನ ಕಿಟಕಿಯಲ್ಲಿ ಕಬ್ಬಿನ ಹಾಲಿನ ಗಾಡಿಯೊಂದು ಬಂದು ತುಂಬಿಕೊಂಡಿತು.

ಬಸ್ಸು ನಿಂತದ್ದೇ ಭಜನಿ ಮಂಡಳಿ ಒಂದೇ ಬಣ್ಣದ ಸೀರೆಗಳಲ್ಲಿ, ಹಾರದ ಸಮೇತ, ಬಾಗಿಲಿಗೆ ಮುತ್ತಿತು. ಗೆರೆಯ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ಹಿಂದಿನ ವರ್ಷ ಎಲ್ಲಿಂದ ಇಳಿದಿದ್ದರೋ ಅಲ್ಲಿಂದಲೇ ಇಳಿಯುತ್ತಾರೆಂದು ಎಲ್ಲರೂ ಮೆಟ್ಟಿಲಿನ ಮೇಲೆ ಕಣ್ಣಿಟ್ಟಿದ್ದರು. ಕುಂಟುತ್ತ ಇಳಿದವನು ನಾನು.

"ಅವರೆಲ್ಲೆ?" ಎಂದಳು ಅಕ್ಕ.

"ಮುಂದ."

"ಮುಂದಿನ ಸೀಟಿನ್ಯಾಗೇನು?" ಎಂದು ಮಂಡಳಿಯ ಹಿರಿಯರೊಬ್ಬರು ಒಳಗೆ ಇಣುಕಿದರು.

"ಇಲ್ರೀ, ಮುಂದ ಓಡಿ ಹೋದ್ರು!"

ಅಷ್ಟರಲ್ಲಿ ಭಾವ ಕಮಾನಿನ ಆಚೆಯಿಂದ ಬಂದರು. ಕೊರಳಲ್ಲಿ ಪದಕ, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. "ನೀವೆಲ್ಲಾ ಇಲ್ಲ್ಯಾಕ ನಿಂತೀರಿ? ನಾ ಅಲ್ಲಿ ಬಂದೆ!"

ಹಿರಿಯರು ಪದಕವನ್ನು ಬೆರಳಿನಿಂದ ಎತ್ತಿ ನೋಡಿದರು. "ಹೋದ ವರ್ಷನೂ ಇಂಥಾದ್ದ ಕೊಟ್ಟಿದ್ರಲ್ರೀ."

ಯಾರೋ ಸೆರಗಿನಲ್ಲಿ ನಕ್ಕರು. ಡ್ರೈವರು ಆಗಲೇ ಬಸ್ಸು ತಿರುಗಿಸಿಕೊಂಡು ಹೋಗಿದ್ದ. ಭಾವ ನನ್ನ ಕಡೆ ನೋಡಿದರು. ಹಾರ ಹಿಡಿದಿದ್ದ ಅಕ್ಕನೂ ನನ್ನ ಕಡೆ ತಿರುಗಿದಳು.

"ನೀ ಖರೇನ ನೋಡಿದಿ ಏನೋ? ಇವರು ಗೆರಿ ದಾಟಿದ್ದು?"

ಕಣ್ಣಾರೆ ಕಂಡೆ ಎನ್ನುವವರನ್ನು ನಂಬಬೇಡಿ ಎಂದು ವರ್ಷಕ್ಕೆ ಎರಡು ತರಗತಿಗಳಿಗೆ ಕಲಿಸುವವನು ನಾನು. ನಾನು ಕಂಡದ್ದು ಕಬ್ಬಿನ ಹಾಲಿನ ಗಾಡಿ.

"ನೋಡೀನಿ" ಎಂದೆ. "ಎರಡೂ ಕೈ ಮ್ಯಾಲೆ ಎತ್ತಿ ದಾಟಿದ್ರು."

ಹಾರ ಭಾವನ ಕೊರಳಿಗೆ ಬಿತ್ತು. ಪ್ರೊಫೆಸರು ನೋಡಿದ್ದಾನೆ ಎಂಬ ಸುದ್ದಿ ಭಾವನಿಗಿಂತ ಮೊದಲೇ ಓಝರ್ ಮುಟ್ಟಿ, ಕ್ಯಾಂಟೀನಿನಲ್ಲಿ ಟಿಕೀಟಿನ ಮಾತು ನಿಂತಿತು. ಆಮೇಲೆ ನಾನು ಕಾಲನಿಗೆ ಹೋದಾಗಲೆಲ್ಲ ಸಾಕ್ಷಿ ಹೇಳಬೇಕಾಗುತ್ತಿತ್ತು. ಹೇಳುತ್ತ ಹೇಳುತ್ತ ಅದು ನನಗೆ ಕಾಣಿಸತೊಡಗಿತು. ಮೊದಲು ಎತ್ತಿದ ಕೈಗಳು, ಆಮೇಲೆ ಬಗಲಿನ ಬೆವರು. ಈಗ ಸುಣ್ಣದ ಗೆರೆಯ ಮೇಲೆ ಅವರ ಬಲಗಾಲು ಬಿದ್ದದ್ದು, ಸುಣ್ಣ ಬೂಟಿಗೆ ಮೆತ್ತಿದ್ದು, ಎಲ್ಲವೂ ಕಾಣುತ್ತದೆ. ಯಾವ ನ್ಯಾಯಾಲಯದಲ್ಲಾದರೂ ಹೇಳುತ್ತೇನೆ.

ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ, ಅಕ್ಕ ಒಳಗೆ ಮಲಗಿದ್ದಾಗ, ಭಾವ ವರಾಂಡದಲ್ಲಿ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ಏ, ಖರೇ ಹೇಳು. ನಾ ಕೈ ಎತ್ತಿದ್ದೆನೇನು?"

"ಎತ್ತಿದ್ರಿ."

"ಎರಡೂ?"

"ಎರಡೂ."

ಭಾವ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಕಮಾನು ಕಂಡಿದ್ದು ನೆನಪದ. ಆಮ್ಯಾಲೆ ಕೈಯಾಗ ಬಾಳಿಹಣ್ಣು ಇತ್ತು. ನಡುವ ಏನೂ ಇಲ್ಲೋ, ಖಾಲಿ. ನೀ ಹೇಳಿದ್ದಕ್ಕ ನನಗ ಗೊತ್ತು ನಾ ದಾಟೀನಿ ಅಂತ." ಒಳಗೆ ಅಕ್ಕ ಎದ್ದಳೇನೋ ಎಂದು ಬಾಗಿಲ ಕಡೆ ನೋಡಿ, ದನಿ ಇಳಿಸಿದರು. "ಇನ್ನೊಮ್ಮೆ ಹೇಳು. ಕಮಾನಿನ ಹತ್ರಿಂದ ಶುರು ಮಾಡು. ಸಾವಕಾಶ ಹೇಳು."